ಬಿಳಿಗುಡ್ಡೆಯ ಮೇಲಿನ ಕೆಂಪು

ನಮ್ಮ ನುಡಿಯಲ್ಲಿ ಕಣ್ಣು ಕೆಂಪಾಗುವುದಕ್ಕೆ ಒಳ್ಳೆಯ ಹೆಸರಿಲ್ಲ. ಕೆಂಗಣ್ಣೆಂದರೆ ಕೋಪ, ಒಬ್ಬರ ಕೆಂಗಣ್ಣಿಗೆ ಗುರಿಯಾದವನೆಂದರೆ ಕೆಡಲಿರುವವನು. ಕಣ್ಣು ಕೆಂಪಗಿರುವವನು ಕುಡಿದಿರಬೇಕು, ನಿದ್ದೆಗೆಟ್ಟಿರಬೇಕು, ಅತ್ತಿರಬೇಕು, ಅಥವಾ ಯಾರ ಮೇಲೋ ಹಲ್ಲು ಮಸೆಯುತ್ತಿರಬೇಕು. ಈ ನಾಲ್ಕರಲ್ಲೊಂದು ತೀರ್ಮಾನವನ್ನು ನೋಡಿದವರು ನಿಂತ ನಿಲುವಿನಲ್ಲಿಯೇ ಮಾಡಿಬಿಡುತ್ತಾರೆ. ಐದನೆಯದಾಗಿ ಒಂದು ರೋಗವುಂಟು. ಅದಕ್ಕೆ 'ಕಣ್ಣು ಬಂದಿದೆ' ಎನ್ನುತ್ತೇವೆ, ಅಷ್ಟರವರೆಗೆ ಕಣ್ಣೇ ಇರಲಿಲ್ಲವೋ ಎಂಬಂತೆ. ನಮ್ಮ ಕಾಸರಗೋಡಿನ ಸೀಮೆಯಲ್ಲಿ ನೆರೆಮನೆಯ ಮಲಯಾಳಿಗಳು ಅದನ್ನೇ 'ಚೆಂಕಣ್ಣ್' ಎಂದು ಕರೆಯುವರು. ಕನ್ನಡದ ಕಿವಿ ಅಲ್ಲಿ ಚೆವಿಯಾಗುವಂತೆ, ಕೆರೆಯು ಚಿರವಾಗುವಂತೆ, ಕೆಂಗಣ್ಣು ಚೆಂಕಣ್ಣಾಗುವುದೆಂಬುದನ್ನು ಮೇಲಿನ ತರಗತಿಯ ವಿದ್ಯಾರ್ಥಿಗಳು ತಾವಾಗಿಯೇ ಊಹಿಸಿಕೊಳ್ಳಬಲ್ಲರು. ಭಾಷೆ ಎರಡಾದರೂ ಸಂಶಯ ಒಂದೇ.

ರಂಗಸ್ಥಳದಲ್ಲಿ ಮಾತ್ರ ಈ ಕೆಂಪಿಗೆ ಮರ್ಯಾದೆಯಿದೆ. ಕಥಕಳಿಯ ವೇಷಧಾರಿಗಳು ರಂಗಕ್ಕೆ ಬರುವ ಮುನ್ನ ಚುಂಡಪ್ಪೂ ಎಂದು ಕರೆಯುವ, ಬದನೆಯ ಜಾತಿಗೆ ಸೇರಿದ ಗಿಡದ ಒಂದು ಚಿಕ್ಕ ಬೀಜವನ್ನು ಕೆಳರೆಪ್ಪೆಯೊಳಗೆ ಇಟ್ಟುಕೊಂಡು ಕಣ್ಣನ್ನು ಬೇಕೆಂದೇ ಕೆಂಪಗೆ ಮಾಡಿಕೊಳ್ಳುತ್ತಾರೆ. ಹಸಿರು ಬಣ್ಣದ ಮುಖದಲ್ಲಿ ಆ ಕೆಂಪು ಕಣ್ಣು ಹೊರಳುವಾಗ ದೀಪದ ಬೆಳಕಿನಲ್ಲಿ ಕುಳಿತವರು ತಲೆದೂಗುತ್ತಾರೆ. ಅದೇ ಕೆಂಪು ಒಬ್ಬ ಶಾಲಾ ಮಾಸ್ತರನ ಮುಖದಲ್ಲಿ, ಹಗಲಿನ ಬೆಳಕಿನಲ್ಲಿ, ಬಸ್ಸಿನಲ್ಲಿ ಕಾಣಿಸಿಕೊಂಡರೆ ತಲೆದೂಗುವವರು ಯಾರೂ ಇಲ್ಲ. ಪಕ್ಕದ ಆಸನದಿಂದ ಎದ್ದುಹೋಗುವವರು ಇದ್ದಾರೆ.

ಕಳೆದ ಮಳೆಗಾಲದಲ್ಲಿ, ಆಟಿ ತಿಂಗಳು ಹಿಡಿದು ಮೂರು ನಾಲ್ಕು ದಿನ ಕಳೆದಿರಬಹುದು, ನಮ್ಮ ಎಡಗಣ್ಣು ಕೆಂಪಾಯಿತು. ನಾವೆಂದರೆ ಇಲ್ಲಿ ಒಬ್ಬರೇ. ಬರೆಯುವಾಗ ಬಹುವಚನವನ್ನು ಹಿಡಿಯುವುದು ನಮಗೆ ಕಲಿಸಿದ ಹಳೆಯ ಮಾಸ್ತರರಿಂದ ಬಂದ ರೂಢಿ. ಎರಡು ವಾರಗಳಿಂದ ಬಿಡದ ಕೆಮ್ಮಿತ್ತು. ಹಿಂದಿನ ರಾತ್ರಿಯಂತೂ ಎದ್ದು ಕುಳಿತು, ಗೋಡೆಗೊರಗಿ, ಪಕ್ಕೆಲುಬು ನೋಯುವಷ್ಟು ಕೆಮ್ಮಿದ್ದೆವು. ಬೆಳಗ್ಗೆ ಮುಖ ತೊಳೆದು ಒಳಗೆ ಬಂದಾಗ ಮನೆಯವರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು, "ಇದೇನು, ಕಣ್ಣಿಗೆ ಯಾರು ಹೊಡೆದರು?" ಎಂದು ಕೇಳಿದರು. ನೋವಿಲ್ಲ, ತುರಿಕೆಯಿಲ್ಲ, ನೀರಿಲ್ಲ, ಗೀಜಿಲ್ಲ. ಕನ್ನಡಿಯ ಮುಂದೆ ನಿಂತು ನೋಡಿದರೆ, ಕರಿಗುಡ್ಡೆಯ ಅಂಚಿನಿಂದ ಕಿವಿಯ ಕಡೆಗೆ, ಇದ್ದ ಬಿಳಿಯೆಲ್ಲ ಮುಚ್ಚಿಹೋಗುವಂತೆ, ದಾಸವಾಳದ ಎಸಳನ್ನು ಕತ್ತರಿಸಿ ಅಂಟಿಸಿದ ಹಾಗೆ ನೆತ್ತರು. ಕೆಲವು ಕಾಯಿಲೆಗಳಿಗೆ ನೋವು ಹೆಚ್ಚು, ರೂಪ ಕಡಿಮೆ, ಹಲ್ಲುನೋವು ಅಂಥದು. ಇದಕ್ಕಾದರೋ ರೂಪವೇ ಸರ್ವಸ್ವ. ಹೊತ್ತವನಿಗೆ ಏನೂ ತಿಳಿಯದು. ನೋಡಿದವನ ಎದೆ ಝಲ್ಲೆನ್ನುವುದು.

ಒಂದು ಗಂಟೆಯೊಳಗೆ ನಮ್ಮ ಮನೆಯ ಜಗಲಿಯಲ್ಲಿ ಒಂದು ಸಣ್ಣ ವೈದ್ಯಶಾಲೆಯೇ ಏರ್ಪಟ್ಟಿತು. ಉಷ್ಣವೆಂದರು ಒಬ್ಬರು. ದೃಷ್ಟಿಯೆಂದರು ಇನ್ನೊಬ್ಬರು, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿಯೂ ಆಯಿತು. ನಂದಿಬಟ್ಟಲ ಹೂವನ್ನು ಹಿಂಡಿ ಬಿಡಬೇಕೆಂದೂ, ಹರಳೆಣ್ಣೆಯೇ ಉತ್ತಮವೆಂದೂ ಎರಡು ಪಕ್ಷಗಳಾದುವು. ಎಳೆಗೂಸಿನ ತಾಯಿಯೊಬ್ಬರು ಹತ್ತಿರದಲ್ಲಿಯೇ ಇದ್ದಾರೆ, ನಾಲ್ಕು ತೊಟ್ಟು ಎದೆಹಾಲು ತರಿಸಿದರೆ ಸಂಜೆಯೊಳಗೆ ಗುಣವೆಂದು ಹಿರಿಯರೊಬ್ಬರು ಹೇಳಿದರು. ಔಷಧದ ಅಂಗಡಿಗೆ ಹೋಗಿ, ಕೇಳಿದ ಕೂಡಲೆ ಕೊಡುವ ಒಂದು ಕಣ್ಣಿನ ಹನಿಯ ಹೆಸರನ್ನು ಇನ್ನೊಬ್ಬರು ಕೈಫೋನಿನಲ್ಲಿ ತೆಗೆದು ತೋರಿಸಿದರು. ಯಾರನ್ನೂ ನೋಯಿಸದೆ ನಾವು ಎಳನೀರೊಂದನ್ನು ಮಾತ್ರ ಕುಡಿದು ಎದ್ದೆವು. ಅದು ಹೊಟ್ಟೆಗೆ ಹೋಗುವುದರಿಂದ ಕಣ್ಣಿಗೆ ಹಾನಿಯಿಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳತಕ್ಕ ಮಾತೊಂದಿದೆ. ಹೂವಿನ ರಸವಾಗಲಿ ಎದೆಹಾಲಾಗಲಿ ನಂಬಿಕೆಯಿಂದ ಕೊಟ್ಟ ವಸ್ತುಗಳು, ಕೊಟ್ಟವರ ಮನಸ್ಸು ಶುದ್ಧ. ಆದರೆ ವಸ್ತು ಶುದ್ಧವೆಂದು ಹೇಳುವಂತಿಲ್ಲ. ಅದರಲ್ಲಿರುವ ಕ್ರಿಮಿ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ ತಗಲಿದರೆ ಅಲ್ಲಿ ಹುಣ್ಣಾಗಿ, ಹುಣ್ಣು ಮಾಯ್ದ ಮೇಲೆ ಬಿಳಿಯ ಕಲೆಯುಳಿದು, ದೃಷ್ಟಿಯೇ ಕುಂದಬಹುದು. ಅಂಗಡಿಯ ಹನಿಗಳಲ್ಲಿಯೂ ಸ್ಟೀರಾಯ್ಡ್ ಬೆರೆತವು ಉಂಟು. ಅವನ್ನು ವೈದ್ಯರ ಮಾತಿಲ್ಲದೆ ಬಹುಕಾಲ ಹಾಕಿಕೊಂಡವರಿಗೆ ಕಣ್ಣಿನೊಳಗಿನ ಒತ್ತಡ ಏರುವುದೂ ಪೊರೆ ಬರುವುದೂ ತಿಳಿದ ಸಂಗತಿ. ತಾನಾಗಿ ಹೋಗುವ ಕೆಂಪಿಗೆ, ಹೋಗದಿರುವ ಕೇಡನ್ನು ಕೊಂಡು ತರುವುದೇಕೆ?

ಆ ದಿನ ಶಾಲೆಗೆ ಅರ್ಧ ದಿನದ ರಜೆ ಬರೆದು ಸರಕಾರಿ ಆರೋಗ್ಯಕೇಂದ್ರಕ್ಕೆ ಹೋದೆವು. ವೈದ್ಯರನ್ನು ಕಾಣುವ ಮೊದಲು ದೃಷ್ಟಿಯ ಪರೀಕ್ಷೆ. ಗೋಡೆಯ ಮೇಲಿನ ಫಲಕದಲ್ಲಿ ಮಲಯಾಳ ಅಕ್ಷರಗಳು, ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಚಿಕ್ಕದಾಗುತ್ತ ಹೋಗುತ್ತವೆ. ಬಲಗಣ್ಣನ್ನು ಮುಚ್ಚಿಕೊಂಡು ಓದತೊಡಗಿದೆವು. ಮಲಯಾಳವನ್ನು ಆಡುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಓದುವುದು ಮಾತ್ರ ಎಣ್ಣೆ ಕಾಣದ ಗಾಡಿಯ ಹಾಗೆ. ಐದನೆಯ ಸಾಲಿನ ಒಂದು ಅಕ್ಷರದ ಮುಂದೆ ಗಾಡಿ ನಿಂತೇ ಹೋಯಿತು. ಅದು ೞಕಾರ! ಹಳಗನ್ನಡದಲ್ಲಿ ನಮ್ಮದೂ ಆಗಿದ್ದು, ಶತಮಾನಗಳ ಹಿಂದೆಯೇ ನಮ್ಮ ಬಾಯಿಯಿಂದ ಜಾರಿಹೋದ ಅಕ್ಷರ. ಮಲಯಾಳಿಗಳು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಅದರ ಗೆರೆಗೆರೆಯೂ ನಮಗೆ ಕಾಣುತ್ತಿತ್ತು, ನಾಲಗೆಯ ಮೇಲೆ ಬರಲಿಲ್ಲ. ಪರೀಕ್ಷಿಸುತ್ತಿದ್ದ ತಂಗಿ ನಮ್ಮ ಕೆಂಪು ಕಣ್ಣನ್ನೊಮ್ಮೆ ನೋಡಿ, ದೃಷ್ಟಿ ಮಂದವೆಂದು ಗುರುತು ಹಾಕುವುದರಲ್ಲಿದ್ದರು. ವಿಷಯ ತಿಳಿಸಿದ ಮೇಲೆ ನಕ್ಕು ಇನ್ನೊಂದು ಫಲಕವನ್ನು ತಂದರು. ಅದರಲ್ಲಿ ಇಂಗ್ಲಿಷಿನ ಈ ಅಕ್ಷರವೊಂದೇ, ಮೂರು ಕೈಗಳನ್ನು ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಚಾಚಿಕೊಂಡು ನಿಂತಿರುತ್ತದೆ; ಕೈ ಯಾವ ದಿಕ್ಕಿಗೆಂದು ತೋರಿಸಿದರೆ ಸಾಕು, ಯಾವ ಭಾಷೆಯೂ ಬೇಡ. ನಮ್ಮ ಎಡಗಣ್ಣು ಕೊನೆಯ ಸಾಲನ್ನೂ ತೋರಿಸಿತು.

ಅಧ್ಯಾಪಕ ಬಂಧುಗಳು ಇದನ್ನು ನಗೆಯ ಮಾತಾಗಿ ಮಾತ್ರ ತೆಗೆದುಕೊಳ್ಳಬಾರದೆಂದು ಕೇಳಿಕೊಳ್ಳುತ್ತೇವೆ. ಕನ್ನಡ ಮಾಧ್ಯಮದಲ್ಲಿ ಓದುವ ಎಂಟು ವರ್ಷದ ಮಗುವನ್ನು ಅಂಥ ಫಲಕದ ಮುಂದೆ ನಿಲ್ಲಿಸಿದರೆ, ಮಗು ಕಾಣದೆ ಸುಮ್ಮನಿದೆಯೋ ಅಕ್ಷರ ತಿಳಿಯದೆ ಸುಮ್ಮನಿದೆಯೋ ಹೇಗೆ ಗೊತ್ತಾಗಬೇಕು? ಬೇಡದ ಕನ್ನಡಕ ಬಂದೀತು. ಅದಕ್ಕಿಂತ ಕೆಟ್ಟದ್ದೆಂದರೆ, 'ಅವನಿಗೆ ಅಕ್ಷರ ಗೊತ್ತಿಲ್ಲ, ಬಿಡು' ಎಂದು ನಿಜವಾಗಿ ಕಾಣದ ಮಗುವನ್ನು ದಾಟಿಸಿಬಿಟ್ಟಾರು. ಕಣ್ಣಿನ ತಪಾಸಣೆಯ ದಿನ ತರಗತಿಯ ಅಧ್ಯಾಪಕರು ಹತ್ತಿರದಲ್ಲಿರಬೇಕು. ಮೂರು ಕೈಯ ಫಲಕವನ್ನೇ ಕೇಳಿ ಇಡಿಸಬೇಕು. ಅದು ದೊರೆಯದ ವಸ್ತುವಲ್ಲ.

ವೈದ್ಯರು ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಏಟು ಬಿದ್ದಿದೆಯೆ, ನೋವಿದೆಯೆ, ಮಂಜು ಕಾಣುತ್ತದೆಯೆ, ಬೆಳಕು ನೋಡಿದರೆ ಕಣ್ಣು ಮುಚ್ಚಿಕೊಳ್ಳುತ್ತದೆಯೆ, ರಕ್ತವನ್ನು ತೆಳುಗೊಳಿಸುವ ಗುಳಿಗೆಗಳನ್ನು ತೆಗೆದುಕೊಳ್ಳುತ್ತೀರಾ, ಹಿಂದೆ ಹೀಗಾಗಿತ್ತೆ, ಬೇರೆಲ್ಲಿಂದಾದರೂ ರಕ್ತ ಸೋರುವುದುಂಟೆ ಎಂದು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಇಲ್ಲವೆಂದೆವು. ದೀಪ ಹಿಡಿದು ನೋಡಿದರು. ರಕ್ತದೊತ್ತಡವನ್ನು ಅಳೆದರು: ೧೩೦ರ ಮೇಲೆ ೮೪. ೧೪೦ರ ಮೇಲೆ ೯೦ನ್ನು ಮುಟ್ಟಿದ್ದರೆ ಬೇರೆ ಮಾತಾಡಬೇಕಾಗಿತ್ತು, ಈಗ ಉಪ್ಪಿನಕಾಯಿಯ ಮೇಲೆ ಸ್ವಲ್ಪ ಗಮನವಿರಲಿ ಎಂದರು. ಕೆಮ್ಮಿಗೆ ಮದ್ದು ಬರೆದರು. ಕಣ್ಣಿಗೆ? "ಕಣ್ಣಿಗೆ ಏನೂ ಬೇಡ. ಉಜ್ಜಬೇಡಿ. ನಾಳೆ ಇನ್ನೂ ಹರಡಿದಂತೆ ಕಂಡೀತು, ಹೆದರಬೇಡಿ. ಎರಡು ವಾರದಲ್ಲಿ ಹೋಗುತ್ತದೆ." ಅಷ್ಟೇ. ಇಷ್ಟು ಭೀಕರವಾಗಿ ಕಾಣುವ ಒಂದಕ್ಕೆ ಒಂದು ಹನಿ ಔಷಧವೂ ಇಲ್ಲದಿರುವುದು ಮನೆಯವರಿಗೆ ಒಪ್ಪಿಗೆಯಾಗಲಿಲ್ಲ. ವೈದ್ಯರು ಚಿಕ್ಕವರೆಂಬುದು ಆಗ ಅವರಿಗೆ ದೊಡ್ಡದಾಗಿ ಕಂಡಿತು.

ಆದದ್ದೇನು? ಕಣ್ಣಿನ ಬಿಳಿಗುಡ್ಡೆಯ ಮೇಲೆಯೂ ರೆಪ್ಪೆಗಳ ಒಳಮೈಯಲ್ಲಿಯೂ ಗಾಜಿನಂತೆ ತಿಳಿಯಾದ ಒಂದು ತೆಳುಪದರವಿದೆ. ವೈದ್ಯರ ಬಾಯಲ್ಲಿ ಅದು ಕಂಜಂಕ್ಟೈವ. ಕನ್ನಡದಲ್ಲಿ ಅದಕ್ಕೊಂದು ಹೆಸರು ಹೇಳಹೊರಟರೆ ತೊಡಕು: ಕಣ್ಣಿನ ಪೊರೆಯೆಂದರೆ ಮುದುಕರಿಗೆ ಬರುವ, ಶಸ್ತ್ರಕ್ರಿಯೆ ಮಾಡಿ ತೆಗೆಯುವ ಪೊರೆಯನ್ನು ಜನ ತಿಳಿಯುತ್ತಾರೆ, ಅಕ್ಷಿಪಟಲವೆಂದರೆ ಕಣ್ಣಿನ ಹಿಂಗೋಡೆಯಲ್ಲಿ ಬೆಳಕನ್ನು ಹಿಡಿಯುವ ಪದರವಾಗುತ್ತದೆ. ನಾವು ತರಗತಿಯಲ್ಲಿ 'ತಿಳಿಪೊರೆ' ಎಂದೆವು. ಇದಕ್ಕಿಂತ ಒಳ್ಳೆಯ ಮಾತನ್ನು ಓದುಗರು ಸೂಚಿಸಿದರೆ ಕೃತಜ್ಞರು. ಈ ತಿಳಿಪೊರೆಯಲ್ಲಿ ಕೂದಲಿಗಿಂತ ನಯವಾದ ರಕ್ತನಾಳಗಳು ಹರಡಿಕೊಂಡಿವೆ. ಕೆಮ್ಮು, ಸೀನು, ವಾಂತಿ, ಮಲಬದ್ಧತೆಯ ತಿಣುಕು, ಭಾರ ಎತ್ತುವುದು, ಕಣ್ಣನ್ನು ಬಲವಾಗಿ ಉಜ್ಜುವುದು - ಇವುಗಳಿಂದ ಯಾವುದಾದರೊಂದು ನಾಳ ಒಡೆದರೆ, ಸೋರಿದ ರಕ್ತಕ್ಕೆ ಹೊರಬರಲು ದಾರಿಯಿಲ್ಲದೆ ಪೊರೆಗೂ ಬಿಳಿಗುಡ್ಡೆಗೂ ನಡುವೆ ಹರಡುತ್ತದೆ. ಎಷ್ಟೋ ಸಲ ಇಂಥ ಕಾರಣವೊಂದೂ ಇಲ್ಲದೆ, ಮಲಗಿ ಏಳುವಷ್ಟರಲ್ಲಿ ಆಗಿರುವುದೂ ಉಂಟು. ಕಣ್ಣಿನ ಒಳಗಿನ ಯಂತ್ರಕ್ಕೆ ಇದರ ಗೊಡವೆಯಿಲ್ಲ. ಆದಕಾರಣ ದೃಷ್ಟಿ ಕೆಡುವುದಿಲ್ಲ.

ಮಕ್ಕಳಿಗೆ ಇದನ್ನು ತೋರಿಸಲು ಎರಡು ಗಾಜಿನ ತುಂಡುಗಳೂ ಒಂದು ತೊಟ್ಟು ಕೆಂಪು ಶಾಯಿಯೂ ಸಾಕು. ಗಾಜಿನ ಮೇಲೆ ಶಾಯಿ ಬಿಟ್ಟರೆ ಅದು ಸಾಸಿವೆಕಾಳಿನಷ್ಟು. ಮೇಲೆ ಇನ್ನೊಂದು ಗಾಜನ್ನಿಟ್ಟು ಮೆಲ್ಲಗೆ ಒತ್ತಿದಿರೋ, ರೂಪಾಯಿಯಗಲಕ್ಕೆ ಹರಡಿತು! ಕಣ್ಣಲ್ಲಿ ಆಗುವುದೂ ಇದೇ. ಕಾಣುವುದು ಪ್ರವಾಹ, ಇರುವುದು ತೊಟ್ಟು. ಇನ್ನು ಅದರ ಬಣ್ಣ. ಮೊಣಕಾಲಿಗೆ ಏಟು ಬಿದ್ದಾಗ ಚರ್ಮದಡಿಯ ರಕ್ತ ನೀಲಿಗಟ್ಟುತ್ತದೆ. ಕಣ್ಣಿನದು ಏಕೆ ದಿನಗಟ್ಟಲೆ ಹಸಿ ನೆತ್ತರಿನ ಕೆಂಪಾಗಿಯೇ ಇರುತ್ತದೆ? ತಿಳಿಪೊರೆ ಅಷ್ಟು ತೆಳುವಾದುದರಿಂದ ಹೊರಗಿನ ಗಾಳಿಯ ಆಮ್ಲಜನಕ ಅದರ ಮೂಲಕ ಒಳಸೇರುತ್ತಲೇ ಇರುತ್ತದೆ. ಆಮ್ಲಜನಕವುಂಡ ರಕ್ತ ಕೆಂಪು. ಈ ಉತ್ತರವನ್ನು ಕೇಳಿ ನಮ್ಮ ಹಿಂದಿನ ಬೆಂಚಿನವನೊಬ್ಬ, "ಹಾಗಾದರೆ ಮಾಸ್ಟ್ರೇ, ಕಣ್ಣು ಮುಚ್ಚಿಕೊಂಡೇ ಇದ್ದರೆ ನೀಲಿಯಾಗುತ್ತದೆಯೆ?" ಎಂದು ಕೇಳಿದ. ಶಿಕ್ಷಕ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಪಾಠಕ್ರಮಗಳಲ್ಲಿ ಇಂಥ ಪ್ರಶ್ನೆಗೆ ಸ್ಥಳವಿರಲಿಲ್ಲ. ಪ್ರಶ್ನೆಯನ್ನು ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟೆವು, ಅವನ ಹೆಸರಿನೊಂದಿಗೆ.

ನಮ್ಮ ಹಿಂದಿನವರು ಇದನ್ನು ನೋಡದೆ ಇರಲಿಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಎಪ್ಪತ್ತಾರು ನೇತ್ರರೋಗಗಳನ್ನು ಹೇಳುವಾಗ, ಬಿಳಿಗುಡ್ಡೆಗೆ ಬರುವ ಹನ್ನೊಂದನ್ನು ಬೇರೆಯಾಗಿ ಎಣಿಸಿದೆ. ಅವುಗಳಲ್ಲಿ ಒಂದು, ಬಿಳುಪಿನ ನಡುವೆ ಮೊಲದ ರಕ್ತದಂಥ ಒಂದೇ ಬಿಂದುವಾಗಿ ಕಾಣುವಂಥದು. ಅದರ ಹೆಸರು ಅರ್ಜುನ! ಇಂದಿನ ಆಯುರ್ವೇದದ ಅಧ್ಯಾಪಕರು ಇದನ್ನೇ ತಿಳಿಪೊರೆಯಡಿಯ ರಕ್ತಸ್ರಾವವೆಂದು ಗುರುತಿಸುತ್ತಾರೆ. ಅರ್ಜುನವೆಂದರೆ ಬಿಳುಪೆಂದಲ್ಲವೆ ನಾವು ಕಲಿತದ್ದು? ಕೆಂಪು ಚುಕ್ಕೆಗೆ ಬಿಳಿಯ ಹೆಸರೇಕೆ ಬಂದಿತೋ ಪಂಡಿತರು ಹೇಳಬೇಕು. ನಮಗಂತೂ, ಮಲಯಾಳದ ಚೀಟಿಯಲ್ಲಿಯೂ ಇಂಗ್ಲಿಷಿನ ಉದ್ದನೆಯ ಹೆಸರಿನಲ್ಲಿಯೂ ಸಿಗದ ಒಂದು ಸಮಾಧಾನ ಆ ಮಾತಿನಲ್ಲಿ ಸಿಕ್ಕಿತು. ಸಹೋದ್ಯೋಗಿಗಳು ಕೇಳಿದಾಗ, ಎಡಗಣ್ಣಿನಲ್ಲಿ ಅರ್ಜುನನಿದ್ದಾನೆಂದೇ ಹೇಳಿದೆವು.

ಎಲ್ಲರಿಗೂ ಅದು ರುಚಿಸಲಿಲ್ಲವೆನ್ನಿ. ಕೆಂಗಣ್ಣು ನೋಡಿದರೆ ಸಾಕು ಅಂಟುತ್ತದೆಂಬ ನಂಬಿಕೆ ಬಲವಾಗಿದೆ. ೨೦೨೩ರ ಮಳೆಗಾಲದಲ್ಲಿ ದೇಶದ ಹಲವು ರಾಜ್ಯಗಳಲ್ಲಿ ಕಣ್ಣು ಬರುವ ರೋಗ ಹಬ್ಬಿ ಶಾಲೆಗಳಲ್ಲಿ ಮಕ್ಕಳು ಸಾಲಾಗಿ ಮಲಗಿದ್ದು ಯಾರಿಗೂ ಮರೆತಿಲ್ಲ. ಗುಣವಾಗುವವರೆಗೆ ಮನೆಯಲ್ಲಿರುವುದು ಒಳ್ಳೆಯದಲ್ಲವೆ ಎಂದು ಮೃದುವಾಗಿ ಸೂಚಿಸಿದವರೂ ಇದ್ದರು. ವ್ಯತ್ಯಾಸವನ್ನು ವಿವರಿಸಬೇಕಾಯಿತು. ಅಂಟುವ ಕೆಂಗಣ್ಣಿನಲ್ಲಿ ಕೆಂಪು ನಾಳನಾಳವಾಗಿ ಬಲೆಯಂತಿರುತ್ತದೆ. ನೀರು ಸುರಿಯುತ್ತದೆ, ಗೀಜು ಕಟ್ಟುತ್ತದೆ, ಬೆಳಗ್ಗೆ ರೆಪ್ಪೆ ಅಂಟಿಕೊಳ್ಳುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ, ಒಂದು ಕಣ್ಣಿನಿಂದ ಇನ್ನೊಂದಕ್ಕೆ ದಾಟುತ್ತದೆ. ಅದು ಹರಡುವುದೂ ನೋಟದಿಂದಲ್ಲ, ಕೈಯಿಂದ, ಟವೆಲಿನಿಂದ. ಇದಾದರೋ ಬಣ್ಣ ಬಳಿದ ಗೋಡೆಯ ಹಾಗೆ ಒಂದೇ ಸಮನೆ ಕೆಂಪು, ಅಂಚು ಸ್ಪಷ್ಟ, ಒರೆಸಿದರೆ ಕರವಸ್ತ್ರ ಒಣಗಿದ್ದು ಒಣಗಿದಂತೆಯೇ.

ಮಕ್ಕಳು ದೊಡ್ಡವರಷ್ಟು ಹೆದರಲಿಲ್ಲ. ಐದನೆಯ ತರಗತಿಯ ಹುಡುಗಿಯೊಬ್ಬಳು ಬೇಡರ ಕಣ್ಣಪ್ಪನ ಕಥೆಯನ್ನು ಎತ್ತಿದಳು. ಶಿವಲಿಂಗದ ಕಣ್ಣಿನಲ್ಲಿ ನೆತ್ತರು ಬಂದಾಗ ಬೇಡನು ಮೊದಲು ಸೊಪ್ಪಿನ ಮದ್ದು ಹಿಂಡಿದ, ನಿಲ್ಲಲಿಲ್ಲ. ತನ್ನ ಕಣ್ಣನ್ನೇ ಕಿತ್ತು ಇಟ್ಟ, ನಿಂತಿತು. ಹರಿಹರನ ರಗಳೆಯಿಂದ ೧೯೫೪ರ ಚಲನಚಿತ್ರದವರೆಗೆ ಕನ್ನಡಿಗರಿಗೆ ಬೇಸರ ಬಾರದ ಕಥೆ. "ನಿಮಗೆ ಯಾರು ಕಣ್ಣು ಕೊಡುವುದು, ಮಾಸ್ಟ್ರೇ?" ಎಂಬುದು ಅವಳ ಚಿಂತೆ. ಯಾರೂ ಕೊಡಬೇಕಾಗಿಲ್ಲ, ಈ ರಕ್ತವನ್ನು ದೇಹವೇ ಹೀರಿಕೊಳ್ಳುತ್ತದೆ ಎಂದೆವು. ಹಾಗೆಂದರೆ ಹೇಗೆಂದು ತಿಳಿಯುವುದಕ್ಕಾಗಿ ಒಂದು ಕೆಲಸವನ್ನು ಹಂಚಿದೆವು. ದಿನಕ್ಕೊಬ್ಬರಂತೆ, ಹಾಜರಿ ಕರೆದ ಕೂಡಲೆ, ಎದುರು ಬಂದು ನಿಂತು, ನಮ್ಮ ಕಣ್ಣನ್ನು ನೋಡಿ, ದೊಡ್ಡ ಹಾಳೆಯಲ್ಲಿ ಆ ದಿನದ ಚೌಕದೊಳಗೆ ಚಿತ್ರ ಬರೆಯುವುದು. ಎರಡನೆಯ ದಿನ ಕೆಂಪು ನಿಜವಾಗಿಯೂ ಹಿಗ್ಗಿತ್ತು, ಕರಿಗುಡ್ಡೆಯ ಕೆಳಗಿನಿಂದ ಮೂಗಿನ ಕಡೆಗೂ ಸ್ವಲ್ಪ ಜಾರಿತ್ತು. ಐದನೆಯ ದಿನದವರೆಗೆ ಹೆಚ್ಚು ಬದಲಿಲ್ಲ. ಎಂಟನೆಯ ದಿನ ಅಂಚು ಹರಿದ ಬಟ್ಟೆಯಂತಾಗಿ, ನಡುನಡುವೆ ಬಿಳಿ ಇಣುಕಿತು. ಹತ್ತನೆಯ ದಿನದ ಚಿತ್ರಕಾರ ಹಳದಿಯ ಬಣ್ಣ ಬೇಕೆಂದು ಕೇಳಿದಾಗ ಉಳಿದವರು ನಕ್ಕರು. ಎದ್ದು ಬಂದು ನೋಡಿದರು, ನಗು ನಿಂತಿತು. ರಕ್ತದ ಬಣ್ಣದ ವಸ್ತು ಒಡೆದು ಹಳದಿಯಾಗುವುದು ಅವರ ಕಣ್ಣೆದುರಿಗೇ, ಮಾಸ್ತರನ ಮುಖದ ಮೇಲೆ, ನಡೆದಿತ್ತು. ಹದಿನೈದನೆಯ ಚೌಕದಲ್ಲಿ ಬರೀ ಕಣ್ಣು.

ಎಲ್ಲ ಕೆಂಪೂ ಹೀಗೆ ನಿರಪಾಯವೆಂದು ಮಾತ್ರ ಯಾರೂ ತಿಳಿಯಬಾರದು. ಚಿಣ್ಣಿ ಹಾರಿ ಬಂದು, ಚೆಂಡು ಬಡಿದು, ಪಟಾಕಿ ಸಿಡಿದು ಕೆಂಪಾದ ಕಣ್ಣಿಗೆ ಅದೇ ದಿನ ಕಣ್ಣಿನ ವೈದ್ಯರು ಬೇಕು. ಕರಿಗುಡ್ಡೆಯ ಮುಂದೆಯೇ, ಗಡಿಯಾರದ ಗಾಜಿನೊಳಗೆ ನೀರು ನಿಂತಂತೆ, ಕೆಳಗಡೆ ರಕ್ತ ತಂಗಿದ್ದರೆ ಅದು ಕಣ್ಣಿನೊಳಗಿನ ರಕ್ತ, ತಿಳಿಪೊರೆಯದಲ್ಲ, ತಡಮಾಡಬಾರದು. ನೋವು, ಮಂಜು, ಬೆಳಕಿನ ಅಸಹನೆ ಇದ್ದರೂ ಹಾಗೆಯೇ. ಮಗುವಿಗೆ ವಾರಗಟ್ಟಲೆ ಬಿಡದ ನಾಯಿಕೆಮ್ಮಿದ್ದು ಎರಡೂ ಕಣ್ಣು ರಕ್ತವಾದರೆ, ನೋಡಬೇಕಾದದ್ದು ಕಣ್ಣನ್ನಲ್ಲ, ಕೆಮ್ಮನ್ನು. ಆರು, ಹತ್ತು, ಹದಿನಾಲ್ಕನೆಯ ವಾರಗಳ ಚುಚ್ಚುಮದ್ದೂ ಮುಂದಿನ ಎರಡು ವರ್ಧಕಗಳೂ ಆಗಿವೆಯೆ ಎಂದು ಕೇಳಬೇಕು. ಮತ್ತೆ ಮತ್ತೆ ಬರುವುದಾದರೆ ರಕ್ತದೊತ್ತಡ, ಸಕ್ಕರೆ, ರಕ್ತ ಹೆಪ್ಪುಗಟ್ಟುವ ಶಕ್ತಿ ಇವುಗಳ ಪರೀಕ್ಷೆ ಆಗಬೇಕು. ಇನ್ನೊಂದು ಮಾತನ್ನು ಹೇಳಲು ಮನಸ್ಸು ಬಾರದಿದ್ದರೂ ಹೇಳಬೇಕು: ಮಗುವಿನ ಕಣ್ಣು ಕೆಂಪಾಗಿ, ಕೆನ್ನೆಯ ಮೇಲೋ ತೋಳಿನ ಮೇಲೋ ಕಂದಿದ ಗುರುತುಗಳಿದ್ದು, ಕೇಳಿದರೆ ಉತ್ತರ ದಿನಕ್ಕೊಂದು ಬರುತ್ತಿದ್ದರೆ, ಆ ಮಗುವಿನೊಡನೆ ಒಬ್ಬಂಟಿಯಾಗಿ, ಮೆಲ್ಲಗೆ ಮಾತಾಡಬೇಕಾದವರು ನಾವೇ. ಮಕ್ಕಳ ಸಹಾಯವಾಣಿ ೧೦೯೮ನ್ನು ಅಧ್ಯಾಪಕರ ಕೊಠಡಿಯ ಗೋಡೆಯಲ್ಲಿ ಬರೆದಿಟ್ಟರೆ ನಷ್ಟವಿಲ್ಲ.

ಒಂಬತ್ತನೆಯ ದಿನದ ಚೌಕವನ್ನು ಬರೆಯಬೇಕಾಗಿದ್ದ ಹುಡುಗ ಪೆನ್ಸಿಲನ್ನು ಹಿಡಿದು ನಿಂತವನು, "ನಮ್ಮ ಅಜ್ಜಿಗೂ ಇದೇ ಬಂದಿದೆ. ನಿನ್ನೆಯಿಂದ. ಇವತ್ತಿನಿಂದ ಗುಳಿಗೆ ಬೇಡ ಎಂದಿದ್ದಾರೆ" ಎಂದ. ಯಾವ ಗುಳಿಗೆಯೆಂದರೆ ಅವನಿಗೆ ತಿಳಿಯದು; ಎದೆಯ ಶಸ್ತ್ರಕ್ರಿಯೆಯಾದ ಮೇಲೆ ದಿನಾಲೂ ನುಂಗುವ ಗುಳಿಗೆಯಂತೆ. ಮನೆ ಶಾಲೆಯ ಹಿಂದೆಯೇ. ಮಧ್ಯಾಹ್ನದ ಬಿಡುವಿನಲ್ಲಿ ಓಡಿಹೋಗಿ ಖಾಲಿಯಾದ ಒಂದು ಹಾಳೆಯನ್ನು ತಂದ. ಅದರ ಬೆನ್ನಿನ ಮೇಲೆ ವಾರ್ಫರಿನ್ ಎಂದಿತ್ತು. ಅಜ್ಜಿಗೆ ಹೃದಯದ ಕವಾಟವೊಂದನ್ನು ತೆಗೆದು ಲೋಹದ ಕವಾಟವನ್ನು ಹಾಕಿದ್ದರು. ಅಂಥ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಆ ಗುಳಿಗೆ. ನಿಲ್ಲಿಸಿದರೆ ಹೆಪ್ಪು ಕಟ್ಟಿ ಕವಾಟವೇ ಸಿಕ್ಕಿಬೀಳಬಹುದು, ಅಥವಾ ಹೆಪ್ಪಿನ ತುಣುಕು ಮಿದುಳಿಗೆ ಹೋಗಿ ಪಾರ್ಶ್ವವಾಯು ಹೊಡೆಯಬಹುದು. ಗುಳಿಗೆಯ ಉಷ್ಣ ಕಣ್ಣಿಗೆ ಏರಿತೆಂದು ನೆರೆಯವರು ಹೇಳಿದರಂತೆ. ಕಣ್ಣಿನ ನೆತ್ತರನ್ನು ಕನ್ನಡಿಯಲ್ಲಿ ಕಂಡ ಮೇಲೆ ಯಾರಿಗೆ ತಾನೆ ಹಾಗೆ ತೋರದು?

ಆರೋಗ್ಯಕೇಂದ್ರಕ್ಕೆ ಫೋನು ಮಾಡಿ, ಸಂಜೆ ಹುಡುಗನೊಡನೆ ಅವರ ಮನೆಗೆ ಹೋದೆವು. ಅಜ್ಜಿ ನಮ್ಮ ಕಣ್ಣನ್ನು ನೋಡಿದರು, ನಾವು ಅವರದನ್ನು ನೋಡಿದೆವು; ಪರಿಚಯವನ್ನು ಬೇರೆ ಮಾಡಿಕೊಳ್ಳಬೇಕಾಗಲಿಲ್ಲ. ಅವರು ೧೯೫೬ಕ್ಕೆ ಮುಂಚೆ, ಈ ಸೀಮೆಯಿನ್ನೂ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ, ಶಾಲೆಗೆ ಸೇರಿ ನಾಲ್ಕನೆಯ ತರಗತಿಯವರೆಗೆ ಕನ್ನಡ ಓದಿದವರು. ರಾಜ್ಯ ಬದಲಾಯಿತು, ೧೯೮೪ರಲ್ಲಿ ಜಿಲ್ಲೆಯೂ ಬದಲಾಯಿತು. ಅವರ ಅಕ್ಷರ ಬದಲಾಗಲಿಲ್ಲ. ಔಷಧದ ಚೀಟಿಗಳನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಜೋಡಿಸಿ ಇಟ್ಟಿದ್ದರು, ಒಂದನ್ನೂ ಕಳೆದುಕೊಂಡಿರಲಿಲ್ಲ. ಕೆಲವು ಇಂಗ್ಲಿಷು, ಕೆಲವು ಮಲಯಾಳ. ಅವುಗಳಲ್ಲಿ ಒಂದು, ಗುಳಿಗೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದೆಂದು ದಪ್ಪಕ್ಷರದಲ್ಲಿ ಹೇಳುತ್ತಿತ್ತು. ವರ್ಷಗಟ್ಟಲೆ ಪೆಟ್ಟಿಗೆಯೊಳಗೆ ಅದು ಹೇಳುತ್ತಲೇ ಇದ್ದಿರಬೇಕು.

ಮರುದಿನ ಬೆಳಗ್ಗೆ ರಕ್ತ ಪರೀಕ್ಷೆಯಾಯಿತು. ರಕ್ತ ಹೆಪ್ಪುಗಟ್ಟಲು ತೆಗೆದುಕೊಳ್ಳುವ ಹೊತ್ತನ್ನು ಅಳೆಯುವ ಆ ಸಂಖ್ಯೆ ಅವರಿಗೆ ನಿಗದಿಯಾದ ಮಿತಿಯನ್ನು ದಾಟಿತ್ತು. ವೈದ್ಯರು ವಿಚಾರಿಸುತ್ತ ಹೋದಾಗ, ಮಳೆಗಾಲದ ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ನುಂಗುತ್ತಿದ್ದ ಇನ್ನೊಂದು ಗುಳಿಗೆಯ ಸಂಗತಿ ಹೊರಬಿದ್ದಿತು. ನೋವಿನ ಗುಳಿಗೆಗಳಲ್ಲಿ ಹಲವು ಇದರೊಡನೆ ಸೇರಿದರೆ ರಕ್ತಸ್ರಾವಕ್ಕೆ ಎಡೆಮಾಡುತ್ತವೆ. ಅದನ್ನು ಬಿಡಿಸಿ, ಇದರ ಪ್ರಮಾಣವನ್ನು ತಿದ್ದಿ, ವಾರ ಬಿಟ್ಟು ಮತ್ತೆ ಬರಹೇಳಿದರು. ಕಣ್ಣು ಕೆಂಪಾಗದೆ ಹೋಗಿದ್ದರೆ ಈ ಲೆಕ್ಕವನ್ನು ಯಾರೂ ನೋಡುತ್ತಿರಲಿಲ್ಲವೆಂದು ಅವರು ಹೇಳಿದಾಗ ಅಜ್ಜಿ, "ಹಾಗಾದರೆ ಈ ಕಣ್ಣು ಬಂದದ್ದೇ ಒಳ್ಳೆಯದಾಯಿತು" ಎಂದರು. ಕಣ್ಣು ಬರುವುದೆಂಬ ಮಾತಿಗೆ ನಾವು ಕೇಳಿದ ಒಳ್ಳೆಯ ಅರ್ಥ ಅದೊಂದೇ.

ಈಗ ಗುಳಿಗೆಯ ಪ್ರಮಾಣ ದಿನಕ್ಕೊಂದು ಬಗೆ. ಆರೋಗ್ಯಕೇಂದ್ರದವರು ಕೊಟ್ಟ ಚಿಕ್ಕ ಪುಸ್ತಕದಲ್ಲಿ ಅದನ್ನು ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಹುಡುಗ ಪ್ರತಿ ಪುಟದ ಪಕ್ಕದಲ್ಲಿ, ಸೋಮವಾರ ಒಂದು, ಮಂಗಳವಾರ ಅರ್ಧ, ಬುಧವಾರ ಒಂದು ಎಂದು ಕನ್ನಡದಲ್ಲಿ ಬರೆಯುತ್ತಾನೆ. ಮುಂದಿನ ಪರೀಕ್ಷೆಯ ತಾರೀಕನ್ನು ಕನ್ನಡದ ಅಂಕೆಯಲ್ಲಿ, ಸುತ್ತಲೂ ಚೌಕ ಹಾಕಿ. ಅವನ ೩ ಇನ್ನೂ ೨ರಂತೆಯೇ ಇದೆ, ಅದೊಂದನ್ನು ನಾವು ತಿದ್ದಿಸುತ್ತಿದ್ದೇವೆ. ನಮ್ಮ ಹದಿನೈದು ಚೌಕಗಳ ಕೆಳಗೆ ಅಜ್ಜಿಯ ಕಣ್ಣಿಗೂ ಒಂದು ಸಾಲು ಬೇಕೆಂದು ಅವನು ಹಟ ಮಾಡಿದ್ದರಿಂದ ಹಾಳೆಗೆ ಇನ್ನೊಂದು ಹಾಳೆಯನ್ನು ಅಂಟಿಸಿಕೊಟ್ಟೆವು. ಅವರದು ಮಾಸಲು ಇಪ್ಪತ್ತು ದಿನ ಹಿಡಿಯಿತು. ಕೆಂಪು ಪೆನ್ಸಿಲು ಮುಗಿದಿದ್ದ ಕಾರಣ ನಡುವಿನ ಕೆಲವು ಕಣ್ಣುಗಳು ಕಾವಿಯ ಬ‌ಣ್ಣದಲ್ಲಿವೆ.